ಐವತ್ತು ಕಿಲೋಮೀಟರ್, ಎರಡು ದಿನ

“ಮಿಸ್, ಇವಳ ಅಂಗಡೀಲಿ ಸಾವಿರ ಸೈಕಲ್ ಇದೆ ಮಿಸ್!”

ಎದ್ದು ನಿಂತು ಕೂಗಿದ್ದು ಗಿಣಿಯಲ್ಲ, ಗಿಣಿಯ ಪಕ್ಕದಲ್ಲಿ ಕೂರುವವಳು. ಯಾರ ಮನೆಯ ಸುದ್ದಿಯಾದರೂ ಮೊದಲು ತಾನೇ ಹೇಳಬೇಕು ಎನ್ನುವ ಆ ಹುಡುಗಿಗೆ ಕ್ಲಾಸಿನಲ್ಲಿ ರೇಡಿಯೋ ಎಂದೇ ಹೆಸರು. ಗಿಣಿ ಅವಳ ಫ್ರಾಕ್ ಹಿಡಿದು ಎಳೆದಳು. ರೇಡಿಯೋ ಕೂರಲಿಲ್ಲ.

ಮಿಸ್ ಕನ್ನಡಕದ ಮೇಲಿಂದ ಗಿಣಿಯನ್ನು ನೋಡಿದರು. “ಹೌದೇನೇ? ಹಾಗಾದ್ರೆ ಶನಿವಾರದ ಸೈಕಲ್ ರ‍್ಯಾಲಿಗೆ ನೀನೇ ಲೀಡರ್. ಎಲ್ಲರಿಗಿಂತ ಮುಂದೆ ಹೋಗ್ಬೇಕು. ಸೈಕಲ್ ಬರುತ್ತೆ ತಾನೆ?”

ಕ್ಲಾಸಿಗೆ ಕ್ಲಾಸೇ ತಿರುಗಿ ನೋಡಿತು. ಗಿಣಿ ಎದ್ದು ನಿಂತಳು.

“ಬರುತ್ತೆ ಮಿಸ್.”

ಬರುತ್ತಿರಲಿಲ್ಲ. ಅವತ್ತು ಸೋಮವಾರ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಗಿಣಿಯ ಮನೆಯಲ್ಲಿ ಯಾರೂ ಸೈಕಲ್ ಹತ್ತುತ್ತಿರಲಿಲ್ಲ. ಅಜ್ಜ ಶುರು ಮಾಡಿದ ಸೈಕಲ್ ಹೋಲ್‌ಸೇಲ್ ಅಂಗಡಿ ಅವರದು. ಅರವತ್ತು ವರ್ಷದಿಂದ ಸುತ್ತಲಿನ ಊರುಗಳಿಗೆಲ್ಲ ಸೈಕಲ್ ಹೋಗುತ್ತಿದ್ದುದು ಅಲ್ಲಿಂದಲೇ. ಅಂಗಡಿ ನೋಡಿಕೊಳ್ಳುವ ದೊಡ್ಡಪ್ಪ ಮನೆಯಿಂದ ನಾಲ್ಕು ಬೀದಿ ದೂರದ ಅಂಗಡಿಗೆ ಕಾರಿನಲ್ಲಿ ಹೋಗುತ್ತಿದ್ದರು. ಅಪ್ಪ ಎಲ್ಲಿಗೇ ಆದರೂ ಬಸ್ಸಿನಲ್ಲಿ ಹೋಗುತ್ತಿದ್ದರು. ಬಸ್ಸು ತಪ್ಪಿದರೆ ಬೆವರು ಒರೆಸುತ್ತಾ ನಡೆದು ಬರುತ್ತಿದ್ದರು. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ.

ಆದರೆ ‘ನಮಗೆ ಬರಲ್ಲ’ ಎಂದು ಅವರು ಯಾರೂ ಹೇಳುತ್ತಿರಲಿಲ್ಲ. ಛೆ ಛೆ! ಅದಕ್ಕೊಂದು ರೂಲ್ಸ್ ಇತ್ತು. “ಮಾರೋ ಮಾಲಿನ ಮೇಲೆ ನಾವು ಕೂರಬಾರದು.” ಇದನ್ನು ಹೇಳುವಾಗ ದೊಡ್ಡಪ್ಪ ಎದೆ ಉಬ್ಬಿಸುತ್ತಿದ್ದರು. ಎದೆಗಿಂತ ಮೊದಲು ಹೊಟ್ಟೆ ಉಬ್ಬುತ್ತಿತ್ತು, ಆ ಮಾತು ಬೇರೆ.

ಸ್ಕೂಲು ಬಿಟ್ಟವಳೇ ಗಿಣಿ ಅಂಗಡಿಗೆ ಓಡಿದಳು. ಗೋಡೌನಿನಲ್ಲಿ ಕಂದು ಕಾಗದ ಸುತ್ತಿದ ಫ್ರೇಮುಗಳು ಸಾಲಾಗಿ ತೂಗುತ್ತಿದ್ದವು. ಗೋಡೆ ಉದ್ದಕ್ಕೂ ರಿಮ್ಮು, ಮೂಲೆಯಲ್ಲಿ ಚೈನು, ಪೆಡಲ್ಲುಗಳ ಬಾಕ್ಸು. ಎಲ್ಲ ಕಡೆ ರಬ್ಬರ್ ವಾಸನೆ. ಮುಂದುಗಡೆ, ಡೀಲರುಗಳಿಗೆ ತೋರಿಸಲು ಪೂರ್ತಿ ಜೋಡಿಸಿಟ್ಟ ಹನ್ನೆರಡು ಸೈಕಲ್ಲು ಹೊಳೆಯುತ್ತಿದ್ದವು. ಅವುಗಳ ಟಯರಿಗೆ ಒಂದು ಚೂರೂ ಧೂಳು ಅಂಟಿರಲಿಲ್ಲ.

“ದೊಡ್ಡಪ್ಪಾ, ನನಗೊಂದು ಸೈಕಲ್ ಬೇಕು.”

“ಒಂದಾ?” ದೊಡ್ಡಪ್ಪ ಗಾಬರಿಯಿಂದ ತಲೆ ಎತ್ತಿದರು. “ಒಂದೊಂದು ಕೊಡಕ್ಕೆ ಇದೇನು ಚಿಲ್ಲರೆ ಅಂಗಡೀನಾ? ಡಜನ್‌ಗಿಂತ ಕಮ್ಮಿ ನಾವು ಮುಟ್ಟೋದೇ ಇಲ್ಲ.”

“ಓಡಿಸಕ್ಕೆ ದೊಡ್ಡಪ್ಪ. ಕಲಿಬೇಕು. ಶನಿವಾರ ರ‍್ಯಾಲಿ ಇದೆ.”

“ಓಡಿಸಕ್ಕಾ! ರೂಲ್ಸ್ ಗೊತ್ತಿಲ್ವಾ ನಿನಗೆ? ಮಾರೋ ಮಾಲಿನ ಮೇಲೆ…”

“ಹಾಗಾದ್ರೆ ಕುರ್ಚಿ ಮಾರೋರು ದಿನಾ ನಿಂತ್ಕೊಂಡೇ ಇರ್ತಾರಾ?”

ಟೂಲ್ಸ್ ಒರೆಸುತ್ತಿದ್ದ, ಅಂಗಡಿಯ ಸೈಕಲ್ ಜೋಡಿಸುವ ಫಿಟ್ಟರ್ ಮಾಮ ಕೆಮ್ಮಿದ. ಅದು ಕೆಮ್ಮಲ್ಲ, ನಗು.

“ಬಾಯಿ ನೋಡು ಇದರದ್ದು! ಸುಮ್ನೆ ಗಿಣಿ ಅಂತ ಹೆಸರಿಟ್ವಾ?” ದೊಡ್ಡಪ್ಪ ಒಂದು ದಪ್ಪ ನೋಟ್‌ಬುಕ್ ಅವಳ ಕೈಗೆ ತುರುಕಿದರು. “ಅಷ್ಟು ಪುರುಸೊತ್ತಿದ್ರೆ ಕೆಲಸ ಮಾಡು. ಅಂಗಡಿಗೆ ಅರವತ್ತು ವರ್ಷ ಆಯ್ತು. ನಮ್ಮ ಹಿಸ್ಟರಿ ಬುಕ್ ಪ್ರಿಂಟ್ ಮಾಡಿಸ್ತಿದ್ದೀನಿ. ನಿನ್ನ ಅಕ್ಷರ ದುಂಡಗಿದೆ. ನಾನು ಹೇಳ್ತೀನಿ, ನೀನು ಬರ್ಕೋ.”

ಇಂಗು ತಿಂದ ಮಂಗನಂತೆ ಗಿಣಿ ಕೂತು ಬರೆದುಕೊಂಡಳು. ಹಿಸ್ಟರಿ ಹೀಗಿತ್ತು. ಆಗ ಅಜ್ಜನಿಗೆ ಇಪ್ಪತ್ನಾಲ್ಕು ವರ್ಷ. ಕೈಯಲ್ಲಿದ್ದುದು ಒಂದೇ ಒಂದು ಸ್ಯಾಂಪಲ್ ಸೈಕಲ್. ಅದನ್ನೇರಿ ಬೆಳಗಿನ ಜಾವ ಹೊರಟ ಅಜ್ಜ, ರಾತ್ರಿ ಒಂದು ಶಾಲೆಯ ಜಗಲಿಯಲ್ಲಿ ಮಲಗಿ, ಮಾರನೇ ದಿನ ಸಂಜೆ ಐವತ್ತು ಕಿಲೋಮೀಟರ್ ದೂರದ ಊರು ತಲುಪಿದರು. ಅಲ್ಲಿನ ಸೈಕಲ್ ಅಂಗಡಿಯವನು ಸ್ಯಾಂಪಲ್ ನೋಡಿ ಬೆರಗಾಗಿ ಎರಡು ಡಜನ್ ಆರ್ಡರ್ ಕೊಟ್ಟ.

“‘ಬಿರುಗಾಳಿಯಂತೆ ಹೋದರು’ ಅಂತ ಹಾಕು,” ಅಂದರು ದೊಡ್ಡಪ್ಪ. “ಚಿತ್ರ ಬರಿಯೋನಿಗೂ ಹೇಳಿದ್ದೀನಿ. ಅಪ್ಪನ ಶರ್ಟು ಹಿಂದಕ್ಕೆ ಹಾರ್ತಿರಬೇಕು.”

“ಮಾಲಿನ ಮೇಲೆ ಕೂರಬಾರದು ಅಂದ್ರಿ. ಮತ್ತೆ ಅಜ್ಜ ಹೇಗೆ ಕೂತ್ರು?”

ದೊಡ್ಡಪ್ಪ ಸ್ವಲ್ಪ ಯೋಚಿಸಿದರು. “ಅದು ಸ್ಯಾಂಪಲ್. ಸ್ಯಾಂಪಲ್ ಮಾಲಲ್ಲ,” ಅಂದು, ರಿಂಗಾಗದ ಫೋನನ್ನು ಕಿವಿಗಿಟ್ಟುಕೊಂಡು ಎದ್ದು ಹೋದರು.

ಮಂಗಳವಾರವೂ ಹಾಗೇ ಕಳೆಯಿತು. ಸ್ಕೂಲಿನಲ್ಲಿ ರೇಡಿಯೋ ಬಿಟ್ಟೂ ಬಿಡದೆ ಪ್ರಸಾರ ಮಾಡುತ್ತಿದ್ದಳು. ಗಿಣಿಯ ಸೈಕಲ್ಲಿಗೆ ಏಳು ಗೇರ್ ಅಂತೆ. ಗಿಣಿ ಬ್ರೇಕ್ ಹಿಡಿಯದೆ ಇಳಿಜಾರು ಇಳಿಯುತ್ತಾಳಂತೆ. ಮೂರನೇ ಕ್ಲಾಸಿನ ಪುಟಾಣಿಗಳು ಬಂದು ಗಿಣಿಯನ್ನು ಮುಟ್ಟಿ ನೋಡಿ ಹೋದವು.

ಸಂಜೆ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಎಲ್ಲ ಹೇಳಿಕೊಂಡು ಅತ್ತಳು. ಅಮ್ಮ ಪಾತ್ರೆ ಉಜ್ಜುತ್ತಿದ್ದರು.

“ನಿನ್ನ ವಯಸ್ಸಲ್ಲಿ ನಾನು ಎರಡೂ ಕೈ ಬಿಟ್ಟು ಓಡಿಸ್ತಿದ್ದೆ,” ಅಂದರು.

ಗಿಣಿಯ ಅಳು ಅಲ್ಲೇ ನಿಂತಿತು. “ನೀನಾ? ಸೈಕಲ್ಲಾ?”

“ಕಾಲೇಜಿಗೂ ಸೈಕಲ್ಲೇ. ಮದುವೆಯಾಗಿ ಸೈಕಲ್ ಅಂಗಡಿಯವರ ಮನೆಗೆ ಹೋಗ್ತಿದ್ದೀನಿ ಅಂತ ಎಷ್ಟು ಖುಷಿಯಾಗಿತ್ತು ಗೊತ್ತಾ? ಬಂದ ಮೂರನೇ ದಿನ ಗೋಡೌನಲ್ಲಿ ಒಂದು ಸೈಕಲ್ ಹತ್ತಿದೆ. ಮನೆಗೆ ಬೆಂಕಿ ಬಿತ್ತೇನೋ ಅನ್ನೋ ಹಾಗೆ ಕೂಗಿದ್ರು ನಿಮ್ಮ ದೊಡ್ಡಪ್ಪ. ಅವತ್ತು ಇಳಿದವಳು ಮತ್ತೆ ಹತ್ತಲಿಲ್ಲ.” ತಳ ಕಿತ್ತು ಬರುವ ಹಾಗೆ ಅಮ್ಮ ಪಾತ್ರೆ ಉಜ್ಜಿದರು.

“ನನಗೆ ಕಲಿಸಮ್ಮಾ.”

“ರೂಲ್ಸ್ ಮಾಡಿದವರನ್ನ ಕೇಳು. ನಿಮ್ಮಜ್ಜ ಹೂಂ ಅಂದ್ರೆ ನಾಳೇನೇ ಕಲಿಸ್ತೀನಿ.”

ಬುಧವಾರ ಗಿಣಿ ನೋಟ್‌ಬುಕ್ ಹಿಡಿದು ಅಜ್ಜನ ಬೆಂಚಿಗೆ ಹೋದಳು. ಎಂಬತ್ನಾಲ್ಕು ವರ್ಷದ ಅಜ್ಜ ದಿನಾ ಅಂಗಡಿಯ ಒಳಬದಿಯ ಬೆಂಚಿನ ಮೇಲೆ ಕೂತು ಚಕ್ರ ತಿರುಗಿಸಿ ನೋಡುತ್ತಿದ್ದರು. ಚಕ್ರ ಕೂದಲೆಳೆಯಷ್ಟು ಓಲಾಡಿದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಕೂಡಲೇ ಯಾವ ಸ್ಪೋಕ್ ಬಿಗಿ ಮಾಡಬೇಕೆಂದು ಫಿಟ್ಟರ್ ಮಾಮನಿಗೆ ಹೇಳುತ್ತಿದ್ದರು.

ಹೇಗೆ ಕೇಳುವುದೆಂದು ತಿಳಿಯದೆ ಗಿಣಿ ಮೊದಲು ಹಿಸ್ಟರಿ ಓದಿ ಹೇಳಿದಳು. ಬಿರುಗಾಳಿಯ ಭಾಗ ಬಂದಾಗ ಅಜ್ಜ ಮೂಗು ಉಜ್ಜಿಕೊಂಡರು. ಗಿಣಿಯೂ ಅಲ್ಲಿಯೇ ಓದು ನಿಲ್ಲಿಸಿದಳು. ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು.

“ಅಜ್ಜ, ಬೆಳಗಿನ ಜಾವ ಹೊರಟೆ ಅಲ್ವಾ?”

“ಹೂಂ.”

“ತಲುಪಿದ್ದು ಮಾರನೇ ದಿನ ಸಂಜೆ?”

“ಹೂಂ ಕಣಮ್ಮ.”

“ಸೈಕಲ್ ಗಂಟೆಗೆ ಹದಿನೈದು ಕಿಲೋಮೀಟರ್ ಹೋಗುತ್ತೆ. ನಮ್ಮ ಲೆಕ್ಕದ ಬುಕ್ಕಲ್ಲಿದೆ.” ಗಿಣಿ ಹಿಂದಿನ ಪುಟದಲ್ಲಿ ಭಾಗಾಕಾರ ಮಾಡಿದಳು. “ಐವತ್ತು ಕಿಲೋಮೀಟರ್‌ಗೆ ಹೆಚ್ಚು ಕಮ್ಮಿ ಮೂರೂವರೆ ಗಂಟೆ. ಮಧ್ಯೆ ನಿಂತು ನಿಂತು ಹೋದ್ರೂ ಮಧ್ಯಾಹ್ನದ ಊಟಕ್ಕೆ ತಲುಪಬೇಕಿತ್ತು. ಎರಡು ದಿನ ಯಾಕೆ ಬೇಕಾಯ್ತು?”

ಅರವತ್ತು ವರ್ಷ ಆ ಮನೆಯಲ್ಲಿ ಎಲ್ಲರೂ ಈ ಕತೆ ಹೇಳಿದ್ದರು. ಬಂದ ನೆಂಟರಿಗೆಲ್ಲ ಹೇಳಿದ್ದರು. ದೊಡ್ಡ ದೊಡ್ಡ ಲೆಕ್ಕವನ್ನು ಬಾಯಲ್ಲೇ ಹಾಕುವ ಅಪ್ಪ, ದೊಡ್ಡಪ್ಪ ಇಬ್ಬರೂ ಈ ಒಂದು ಲೆಕ್ಕ ಹಾಕಿರಲಿಲ್ಲ.

ಅಜ್ಜ ತಿರುಗುತ್ತಿದ್ದ ಚಕ್ರವನ್ನು ಕೈಯಿಂದ ನಿಲ್ಲಿಸಿದರು. ಆಚೀಚೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. “ನೂಕ್ಕೊಂಡು ಹೋದ್ರೆ ಎರಡು ದಿನ ಬೇಕಲ್ಲಮ್ಮ.”

“ನೂಕ್ಕೊಂಡು? ಪಂಕ್ಚರ್ ಆಗಿತ್ತಾ?”

“ಇಲ್ಲ. ನನಗೆ ಬರ್ತಿರಲಿಲ್ಲ.”

ಗಿಣಿ ನೋಟ್‌ಬುಕ್ ಮುಚ್ಚಿದಳು.

“ಆ ಅಂಗಡಿಯವನೂ ನಿನ್ನ ಹಾಗೇ ಕೇಳಿದ. ಏನಪ್ಪಾ, ಸೈಕಲ್ ಮಾರಕ್ಕೆ ಬಂದೋನು ನಡ್ಕೊಂಡು ಬರ್ತಿದ್ದೀಯಲ್ಲ ಅಂತ. ನಾಲ್ಕು ಜನ ಬೇರೆ ನಿಂತಿದ್ರು. ಬರಲ್ಲ ಅಂದ್ರೆ ನಗ್ತಾರಲ್ಲ? ‘ಮಾರೋ ಮಾಲಿನ ಮೇಲೆ ನಾವು ಕೂರಲ್ಲ ಸ್ವಾಮಿ’ ಅಂದ್ಬಿಟ್ಟೆ. ಬಾಯಿಗೆ ಹೇಗೆ ಬಂತೋ! ಆ ಪುಣ್ಯಾತ್ಮ ಕೈ ಮುಗಿದು ಎರಡು ಡಜನ್ ಆರ್ಡರ್ ಕೊಟ್ಟ.”

“ಆಮೇಲಾದ್ರೂ ಕಲಿಬಹುದಿತ್ತಲ್ಲ?”

“ಹೇಗೆ ಕಲೀಲಿ? ಡೀಲರುಗಳೆಲ್ಲ ಆ ಮಾತು ಹೇಳ್ಕೊಂಡು ತಿರುಗ್ತಿದ್ರು. ಸೈಕಲ್ ಮೇಲೆ ಕಂಡ್ರೆ ಮಾತು ಸುಳ್ಳಾಗುತ್ತೆ. ಕೆಳಗೆ ಬಿದ್ರೆ ಮಾನ ಹೋಗುತ್ತೆ. ಮೊದಮೊದಲು ಹೆದರಿಕೆ, ಆಮೇಲೆ ನಾಚಿಕೆ. ಅಷ್ಟರಲ್ಲಿ ಮುದುಕನಾದೆ. ನಿಮ್ಮಪ್ಪ, ದೊಡ್ಡಪ್ಪ ಚಿಕ್ಕವರಿದ್ದಾಗ ಸೈಕಲ್ ಬೇಕು ಅಂತ ಅತ್ರು. ನಾನು ಕಲಿಸಕ್ಕಾಗುತ್ತಾ? ಅವರಿಗೂ ಅದೇ ರೂಲ್ಸ್ ಹೇಳಿದೆ.”

ಗಿಣಿಗೆ ಸಿಟ್ಟು ಬಂತು. “ಅಮ್ಮನಿಗೆ ಬರ್ತಿತ್ತು ಅಜ್ಜ! ಕೈ ಬಿಟ್ಟು ಓಡಿಸ್ತಿದ್ಲಂತೆ! ನಿನ್ನ ಸುಳ್ಳಿಂದ ಬಿಟ್ಟೇಬಿಟ್ಲು!”

ಅಜ್ಜ ನೆಲ ನೋಡಿದರು. ಅಷ್ಟು ದೊಡ್ಡ ಅಜ್ಜ ಹಾಗೆ ನೆಲ ನೋಡಿದ್ದನ್ನು ಕಂಡು ಗಿಣಿಗೆ ತನ್ನ ಸುಳ್ಳೂ ನೆನಪಾಯಿತು. ಮಿಸ್ ಹತ್ತಿರ ಹೇಳಿದ್ದನ್ನೆಲ್ಲ ಒಪ್ಪಿಕೊಂಡಳು.

ಅಜ್ಜ ತಕ್ಷಣ ಹುರುಪಾದರು. ಈ ವಿದ್ಯೆಯಲ್ಲಿ ಅವರು ಪಳಗಿದ ಕೈ. “ಇಷ್ಟೇನಾ? ಶನಿವಾರ ಕಾಲು ಉಳುಕಿದೆ ಅಂದ್ಬಿಡು. ನಾನು ಎಷ್ಟೋ ಸಲ ಅಂದಿದ್ದೀನಿ. ಸ್ವಲ್ಪ ಕುಂಟಬೇಕು, ಅದೇ ಕಾಲಲ್ಲೇ ಕುಂಟ್ತಿರಬೇಕು, ಮರೀಬಾರದು.”

“ಮುಂದಿನ ವರ್ಷದ ರ‍್ಯಾಲಿಗೆ?”

“ತಲೆಸುತ್ತು ಅನ್ನು.”

“ಅದರ ಮುಂದಿನ ವರ್ಷ?”

“ಏನೋ ಒಂದು ಹುಡುಕಿದ್ರಾಯ್ತು.”

“ಎಷ್ಟು ವರ್ಷ ಹುಡುಕ್ಬೇಕು ಅಜ್ಜ?”

ಅಜ್ಜ ಮತ್ತೆ ಚಕ್ರ ತಿರುಗಿಸತೊಡಗಿದರು. ಆ ರಾತ್ರಿ ಗಿಣಿ ಕುಂಟುವುದನ್ನು ಅಭ್ಯಾಸ ಮಾಡಲು ಎದ್ದಳು. ಎರಡು ಹೆಜ್ಜೆ ಕುಂಟಿ, ಬೇಡವೆನಿಸಿ ಹೋಗಿ ಮಲಗಿದಳು.

ಗುರುವಾರ ಮೊದಲ ಪಿರಿಯಡ್‌ನಲ್ಲೇ ಎದ್ದು ನಿಂತಳು.

“ಮಿಸ್, ನನಗೆ ಸೈಕಲ್ ಬರಲ್ಲ. ಸುಳ್ಳು ಹೇಳಿದ್ದೆ.”

ಇಡೀ ಕ್ಲಾಸು ನಕ್ಕಿತು ನೋಡಿ! ಬೆಂಚು ಬಡಿದುಕೊಂಡು ನಕ್ಕರು. “ಸೈಕಲ್ ಅಂಗಡಿಯವಳಿಗೆ ಸೈಕಲ್ ಬರಲ್ವಂತೆ!” ಎಂದು ರೇಡಿಯೋ ಪಕ್ಕದ ಕ್ಲಾಸಿಗೂ ಕೇಳುವಂತೆ ಹೇಳಿದಳು. ಗಿಣಿಯ ಕಿವಿ ಸುಡುತ್ತಿತ್ತು. ಡೆಸ್ಕಿನ ಅಂಚನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಭೂಮಿ ಬಾಯಿ ಬಿಡಲಿಲ್ಲ. ಮಿಸ್ ಡಸ್ಟರಿನಿಂದ ಮೇಜು ಬಡಿದರು. “ಸಾಕು. ಮೊದಲೇ ಹೇಳೋದಲ್ವೇನೇ? ಕೂತ್ಕೋ. ಬೇರೆ ಯಾರು ಲೀಡರ್ ಆಗ್ತೀರಿ?” ಹತ್ತಾರು ಕೈಗಳು ಮೇಲೆದ್ದವು. ಒಬ್ಬನನ್ನು ಆರಿಸಿದರು. “ಪುಟ ನಲವತ್ತೊಂದು ತೆಗೀರಿ,” ಅಂದರು. ಎಲ್ಲರೂ ಪುಟ ನಲವತ್ತೊಂದು ತೆಗೆದರು. ರೇಡಿಯೋ ತನ್ನ ಪುಸ್ತಕ ತಂದಿರಲಿಲ್ಲ. ಗಿಣಿಯ ಪುಸ್ತಕಕ್ಕೇ ತಲೆ ತೂರಿಸಿ, “ಸ್ವಲ್ಪ ಈ ಕಡೆ ತಳ್ಳೇ,” ಅಂದಳು.

ಸಂಜೆ ಅಂಗಡಿಯಲ್ಲಿ ಅಜ್ಜ ಅವಳ ದಾರಿಯನ್ನೇ ಕಾಯುತ್ತಿದ್ದರು. “ಕಾಲು ಉಳುಕ್ತಾ?”

“ಇಲ್ಲ. ನಿಜ ಹೇಳ್ಬಿಟ್ಟೆ.”

“ಅಯ್ಯೋ ದೇವರೇ! ನಕ್ಕರಾ?”

“ತುಂಬಾ ನಕ್ಕರು.”

“ಎಷ್ಟು ಹೊತ್ತು?”

“ಮಿಸ್ ಡಸ್ಟರ್ ಬಡಿಯೋವರೆಗೆ.”

“ಆಮೇಲೆ?”

“ಆಮೇಲೆ ಪಾಠ.”

“ಅಷ್ಟೇನಾ?” ಅಂದರು ಅಜ್ಜ.

“ಅಷ್ಟೇ ಅಜ್ಜ.”

ಅಜ್ಜನ ಮುಖ ನೋಡಿ ಗಿಣಿಗೆ ತುಂಬಾ ಪಾಪ ಅನ್ನಿಸಿತು. ಸೈಕಲ್ ಕೇಳಬೇಕೆಂದು ಬಂದವಳು ಕೇಳದೆ ಪಕ್ಕದಲ್ಲಿ ಕೂತಳು.

ಅಷ್ಟರಲ್ಲಿ ದೊಡ್ಡಪ್ಪ ಒಬ್ಬ ದಪ್ಪ ಡೀಲರನ್ನು ಕರೆದುಕೊಂಡು ಬಂದರು. ಹಿಸ್ಟರಿ ಬುಕ್ಕಿಗೆ ಬರೆಸಿದ ಚಿತ್ರವನ್ನು ಅಜ್ಜನ ಮುಂದೆ ಹಿಡಿದರು. “ನೋಡಪ್ಪಾ, ಹೇಗೆ ಬಂದಿದೆ! ಐವತ್ತು ಕಿಲೋಮೀಟರ್, ಬಿರುಗಾಳಿ ಥರ!”

ಚಿತ್ರದಲ್ಲಿ ಅಜ್ಜ ಸೈಕಲ್ ಮೇಲೆ ಹಾರುತ್ತಿದ್ದರು. ಶರ್ಟೂ ಹಾರುತ್ತಿತ್ತು. ಇಲ್ಲದ ಮೀಸೆಯೊಂದು ಹೆಚ್ಚುವರಿಯಾಗಿ ಹಾರುತ್ತಿತ್ತು.

“ಇದು ತಪ್ಪು,” ಅಂದರು ಅಜ್ಜ. ದನಿ ಸಣ್ಣಗಿತ್ತು. ಗಂಟಲು ಸರಿ ಮಾಡಿಕೊಂಡು ಜೋರಾಗಿ ಹೇಳಿದರು. “ನನ್ನನ್ನ ಇಳಿಸಿ ಪಕ್ಕದಲ್ಲಿ ನಿಲ್ಲಿಸು. ನೂಕ್ತಿರೋ ಹಾಗೆ ಬರೆಸು. ನನಗೆ ಸೈಕಲ್ ಬರಲ್ಲ ಕಣೋ. ಯಾವತ್ತೂ ಬರ್ತಿರಲಿಲ್ಲ. ಆ ರೂಲ್ಸೂ ಸುಳ್ಳು.”

ದೊಡ್ಡಪ್ಪ ಕಲ್ಲಾಗಿ ನಿಂತರು. ಡೀಲರು ಅಜ್ಜನನ್ನು ನೋಡಿದ, ಚಿತ್ರ ನೋಡಿದ, ಸಾಲಾಗಿ ನಿಂತ ಸೈಕಲ್ಲುಗಳನ್ನು ನೋಡಿದ. ಅವನ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಗೋಡೌನು ಅದುರುವ ಹಾಗೆ ಹೋ ಹೋ ಹೋ ಎಂದು ನಕ್ಕ. ಫಿಟ್ಟರ್ ಮಾಮನಿಗೂ ತಡೆಯಲಾಗಲಿಲ್ಲ. ಈ ಸಲ ಅವನು ಕೆಮ್ಮುವ ಗೋಜಿಗೂ ಹೋಗಲಿಲ್ಲ.

ಗಿಣಿ ಅವರ ಕಡೆ ನೋಡಲಿಲ್ಲ. ಅಜ್ಜನ ಕಿವಿ ಕೆಂಪಾಗಿತ್ತು. ಬೆರಳುಗಳು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಅಜ್ಜನಿಗೆ ಹೇಗಾಗುತ್ತಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹತ್ತಿರ ಸರಿದು ಅವರ ಕೈ ಮೇಲೆ ಕೈ ಇಟ್ಟಳು.

“ಸ್ವಲ್ಪ ತಡ್ಕೋ ಅಜ್ಜ,” ಎಂದು ಕಿವಿಯಲ್ಲಿ ಹೇಳಿದಳು. “ಈಗ ನಿಲ್ಲುತ್ತೆ.”