ಹನ್ನೊಂದು ಕಲ್ಲು

"ಏನೋ ಗಿಡ್ಡಪ್ಪ, ನಿನ್ನ ಹಸಿ ಜೋಳ ನನ್ನ ಜಾಗಕ್ಕೆ ಯಾಕ ಬಂತು?"

ದ್ರಾಕ್ಷಾಯಣಮ್ಮನ ದನಿ ಹಳೇ ರೈಲ್ವೆ ಸ್ಟೇಷನ್ನಿನ ಒಳಗೂ ಕೇಳಿಸಿತು. ಭಾನುವಾರದ ಬೆಳಿಗ್ಗೆ, ಹಿಂದೆ ಟಿಕೆಟ್ ಕೊಡುತ್ತಿದ್ದ ಕೋಣೆಯಲ್ಲಿ ಒಬ್ಬಳೇ ಕೂತಿದ್ದ ಸ್ವಾತಿ ಬೆಚ್ಚಿದಳು.

"ನಿಮ್ಮ ಜಾಗ ಅಲ್ಲಿಗೇ ಮುಗೀತೈತೆ ಅಕ್ಕಾರೆ. ಇದು ನಂದು."

"ಹೌದಾ? ಹಂಗಾರೆ ಕಲ್ಲು ತೋರ್ಸು!"

ಕಲ್ಲುಗಳು ಸ್ವಾತಿಯ ಮುಂದೆಯೇ ಇದ್ದವು. ಊರಿನವರು ಪ್ಲಾಟ್‌ಫಾರ್ಮಿನ ಮೇಲೆ ಮೆಕ್ಕೆಜೋಳ ಒಣಗಿಸುತ್ತಾರೆ. ನಿನ್ನೆ ಸಂಜೆ ಜೋಳ ಗುಡ್ಡೆ ಹಾಕಿ, ತಾಡಪಾಲು ಮುಚ್ಚಿ ಎಲ್ಲರೂ ಹೋದ ಮೇಲೆ, ಅಲ್ಲಿ ಸಾಲಾಗಿದ್ದ ಹನ್ನೊಂದು ಕಲ್ಲುಗಳನ್ನು, ಅವು ಜಾಗದ ಗಡಿಯೆಂದು ತಿಳಿಯದೆ, ಅವಳು ಆರಿಸಿ ತಂದಿದ್ದಳು. ಆಟದ ಮನೆ ಕಟ್ಟಿದ್ದಳು. ಒಂದು ಹಾಲ್, ಒಂದು ಕಿಚನ್.

ಅಮ್ಮನಿಗೆ ಇಲ್ಲಿನ ಆಸ್ಪತ್ರೆಗೆ ವರ್ಗವಾಗಿ, ಅವರು ದಾವಣಗೆರೆಯ ನಿಟ್ಟುವಳ್ಳಿಯಿಂದ ಈ ಊರಿಗೆ ಬಂದು ಹದಿನೈದು ದಿನ. ಶಾಲೆಯಿಂದ ಬರುವಾಗ ಎಲ್ಲರೂ ಇಬ್ಬಿಬ್ಬರು, ಮೂವರು. ಸ್ವಾತಿ ಹಿಂದೆ, ಒಬ್ಬಳೇ. ಸ್ಟೇಷನ್ ಬಂದಾಗ ಸುಮ್ಮನೆ ಒಳಗೆ ಹೋಗಿಬಿಡುತ್ತಿದ್ದಳು. ಬ್ರಿಟಿಷರ ಕಾಲದ ಕಟ್ಟಡ. ಹೆಂಚು ಅರ್ಧ ಬಿದ್ದಿತ್ತು. ಊರಾಚೆ ಹೊಸ ಹಳಿ ಹಾಕಿದ ಮೇಲೆ ಇಲ್ಲಿ ಯಾವ ರೈಲೂ ನಿಲ್ಲುವುದಿಲ್ಲ.

"ನಂದು ಮೂರು ದಿನ ಒಣಗೈತೆ. ಹಸೀದು ಬೆರೆತ್ರೆ ಎಲ್ಲಾ ಬೂಸ್ಟು ಹಿಡೀತೈತೆ!"

"ಅದಕ್ಕೆ ನಾನೇ ಕಲ್ಲು ಕದ್ದೆ ಅಂತೀರೇನು?"

"ಮತ್ತೆ? ರೈಲು ಹತ್ತಿ ಹೋದ್ವಾ?"

ಸುತ್ತ ನಿಂತವರು ನಕ್ಕರು. ಗಿಡ್ಡಪ್ಪನ ಮಗಳು ಲತಾ ಮಾತ್ರ ತಲೆ ತಗ್ಗಿಸಿದಳು. ಅವಳು ಸ್ವಾತಿಯ ಕ್ಲಾಸೇ.

ಹೇಳಿದರೆ ನಾಳೆ ಕ್ಲಾಸಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ಯಾರು ತಾನೇ ಜೊತೆಗೆ ಸೇರಿಸುತ್ತಾರೆ? ಸ್ವಾತಿ ಗೋಡೆಗೆ ಒತ್ತಿಕೊಂಡು ನಿಂತಳು.

"ನಾನು ಕಳ್ಳ ಅಲ್ಲರೀ," ಎಂದ ಗಿಡ್ಡಪ್ಪ. ಅವನ ದನಿ ಸಣ್ಣಗಾಗಿತ್ತು.

ಸ್ವಾತಿ ಎರಡು ಕಲ್ಲು ಎತ್ತಿಕೊಂಡು ಹೊರಗೆ ಬಂದಳು.

"ಅಜ್ಜಿ, ಕಲ್ಲು ನಾನು ತಗೊಂಡೆ."

"ಯಾಕವ್ವ?"

"ಆಟ ಆಡೋಕೆ."

"ಯಾರ ಜತಿಗೆ?"

ಸ್ವಾತಿ ಕೈಯಲ್ಲಿದ್ದ ಎರಡು ಕಲ್ಲನ್ನೂ ಅಜ್ಜಿಯ ಕಾಲ ಬಳಿ ಇಟ್ಟಳು.

ದ್ರಾಕ್ಷಾಯಣಮ್ಮ ಅವಳನ್ನೇ ನೋಡಿದಳು. ಬಯ್ಯಲಿಲ್ಲ.

"ಎಲ್ಲೆಲ್ಲಿದ್ವು, ನೆನಪೈತಾ?"

"ಇಲ್ಲ."

"ಸರಿ ಹೋತು! ಗಿಡ್ಡಪ್ಪ, ಆ ಕಂಬದಿಂದ ಹೆಜ್ಜೆ ಎಣಿಸಪ್ಪ. ಲೇ ಹುಡುಗಿ, ಚಪ್ಪಲಿ ಬಿಟ್ಟು ಇಲ್ಲಿ ಕೂಡು. ಅವನು ಉಳಿದ ಕಲ್ಲು ತರೋಗಂಟ ನೀನೇ ಕಲ್ಲು. ಅಲ್ಲಾಡಬ್ಯಾಡ."

ಗಿಡ್ಡಪ್ಪ ಹೆಜ್ಜೆ ಎಣಿಸಿ ನಿಂತ ಕಡೆ ಸ್ವಾತಿ ಕೂತಳು. ಬಲಕ್ಕೆ ಅಜ್ಜಿಯ ಒಣ ಜೋಳ ಹರಡಿತು, ಎಡಕ್ಕೆ ಗಿಡ್ಡಪ್ಪನ ಹಸಿ ಜೋಳ. ಲತಾ ಬರಿಗಾಲಲ್ಲಿ ಜೋಳ ಕೆದರಿ ಆಡಿಸುತ್ತ ಬಂದಳು.

"ಕಾಲು ಮಡಚು. ನಮ್ಮ ಕಡೆ ಬಂದೈತೆ."

ಸ್ವಾತಿ ಮಡಚಿಕೊಂಡಳು. ಲತಾ ತಿರುಗಿ ಹೋದಳು.

ಗಿಡ್ಡಪ್ಪ ಕಲ್ಲು ತಂದ. "ಸಾಕು, ಏಳವ್ವ."

ಅವಳು ಎದ್ದು, ಹನ್ನೊಂದನ್ನೂ ತಾನೇ ಸಾಲಾಗಿ ಇಟ್ಟಳು. ತಿರುಗಿ ನೋಡಿದರೆ, ಕೂತಿದ್ದಲ್ಲಿ ಜೋಳವಿಲ್ಲದ ಒಂದು ಗುಂಡನೆಯ ಜಾಗ ಉಳಿದಿತ್ತು. ಅವಳಷ್ಟೇ ಅಗಲ.

ಲತಾ ಜೋಳ ಆಡಿಸುತ್ತ ಅಲ್ಲಿವರೆಗೆ ಬಂದಳು. ಮುಚ್ಚಲಿಲ್ಲ. ಅದನ್ನು ಸುತ್ತು ಹಾಕಿ ಮುಂದೆ ಹೋದಳು.

ಸ್ವಾತಿ ಮೆಲ್ಲಗೆ ಹೋಗಿ ಮತ್ತೆ ಅಲ್ಲೇ ಕೂತಳು. ಯಾರೂ ಏಳು ಅನ್ನಲಿಲ್ಲ.