ಮಾವನ ಮುಖ ಮಸುಕಾದ ಭಾನುವಾರ

"ಅದನ್ನ ಕೆಳಗಿಡಿ ಸಿಸ್ಟರ್. ಅದು ನಿಮ್ಮನ್ನ ಕೆಡಿಸುತ್ತೆ."

ಪೊಕುವಾ ತಿರುಗಿ ನೋಡಿದಳು. ಕುಮಾಸಿಯ ಅಡುಂ ಬಜಾರಿನ ಆ ಇಕ್ಕಟ್ಟಾದ ಅಂಗಡಿಯಲ್ಲಿ, ಯೂರೋಪಿನ ಯಾರದೋ ಕೈಯಲ್ಲಿ ಸವೆದು ಹಡಗು ಹತ್ತಿ ಬಂದ ಲೆನ್ಸುಗಳ ಗಾಜಿನ ಪೆಟ್ಟಿಗೆಗೆ ಮೊಣಕೈ ಊರಿಕೊಂಡು ಒಬ್ಬ ಉದ್ದನೆಯ ಮನುಷ್ಯ ನಿಂತಿದ್ದ. ಕೇಳದೆ ಬುದ್ಧಿ ಹೇಳುವವರಿಗೆ ಇರಬೇಕಾದ ಎಲ್ಲ ಆತ್ಮವಿಶ್ವಾಸವೂ ಅವನ ಮುಖದಲ್ಲಿತ್ತು.

"ಯಾವುದು ಕೆಡಿಸುತ್ತೆ?"

"ಆ ಎಂಬತ್ತೈದು ಎಂಎಂ ಲೆನ್ಸು. ಒಂದು ಮುಖ ಮಾತ್ರ ಚೆನ್ನಾಗಿ ತೋರಿಸಿ, ಹಿಂದಿನ ಊರನ್ನೆಲ್ಲ ಬೆಣ್ಣೆಯ ಹಾಗೆ ಕರಗಿಸಿ ಮಸುಕು ಮಾಡಿಬಿಡುತ್ತೆ. ಮೊದಲು ಚೆಂದ ಅನಿಸುತ್ತೆ, ಆಮೇಲೆ ಚಟ ಆಗುತ್ತೆ. ಈ ಮೂವತ್ತೈದು ನೋಡಿ. ಹಿಂದೆ ನಿಂತ ಅತ್ತೆ, ನಾದಿನಿ, ಎಲ್ಲರೂ ಕಾಣಿಸ್ತಾರೆ."

"ಅತ್ತೆ ಕಾಣಿಸಬಾರದು ಅಂತಲೇ ಮದುಮಗಳು ನನ್ನ ಹತ್ತಿರ ಬರೋದು."

ಅಂಗಡಿಯ ಮಾಲೀಕ ಅಲ್ಹಾಜಿ ನಕ್ಕುಬಿಟ್ಟ. "ನೀವಿಬ್ಬರೂ ಹೊರಗೆ ಹೋಗಿ ಜಗಳ ಆಡಿ. ಇಲ್ಲ, ಒಂದೊಂದು ತಗೊಂಡು ಹೋಗಿ."

ಅವಳು ಎಂಬತ್ತೈದನ್ನೇ ಕೊಂಡಳು. ಅವನು ಮೂವತ್ತೈದನ್ನು. ಬಾಗಿಲು ದಾಟಿದ ಮೇಲೆ ಗೊತ್ತಾಯಿತು, ಅವನ್ನು ಹಾಕಲು ಸ್ವಂತ ಕ್ಯಾಮೆರಾ ಇಬ್ಬರ ಹತ್ತಿರವೂ ಇಲ್ಲ. ಬಾಡಿಗೆಯದರಲ್ಲಿ ದುಡಿಯುವವರು. ತಿಂಗಳೊಳಗೆ ಇಬ್ಬರೂ ಸೇರಿ ಒಂದು ಕ್ಯಾಮೆರಾ ತಂದರು. ಜನ ಇದಕ್ಕಿಂತ ದುರ್ಬಲ ಕಾರಣಗಳಿಗೂ ಜೊತೆಯಾಗಿದ್ದಾರೆ.

ಅವನ ಹೆಸರು ಅಡೊಮಾಕೊ. ಊರು ಬೆಕ್ವಾಯಿ.

ಅವನು ವಿಡಿಯೊ ತೆಗೆಯುತ್ತಿದ್ದ, ಅವಳು ಎಡಿಟ್ ಮಾಡುತ್ತಿದ್ದಳು. ಮದುವೆ, ನಾಮಕರಣ, ಎಲ್ಲಕ್ಕಿಂತ ಹೆಚ್ಚಾಗಿ ಸಾವು. ಕುಮಾಸಿಯಲ್ಲಿ ಸತ್ತವರ ವಿಡಿಯೊಗೆ ಬೇಡಿಕೆಯೂ ಹೆಚ್ಚು, ತಕರಾರೂ ಹೆಚ್ಚು.

ಅವಳ ಲ್ಯಾಪ್‌ಟಾಪ್ ಮುದುಕಿಯಂತೆ ಏದುಸಿರು ಬಿಡುತ್ತಿತ್ತು. ಕ್ಯಾಮೆರಾದ ಭಾರವಾದ ಫೈಲುಗಳನ್ನು ತೆರೆದರೆ ಚಿತ್ರ ನಿಂತು ನಿಂತು ನಡೆಯುತ್ತಿತ್ತು. ಅದಕ್ಕೆ ಅವಳು ಪ್ರತಿಯೊಂದಕ್ಕೂ ಒಂದು ಹಗುರ ನಕಲು ಮಾಡಿಕೊಂಡು, ಆ ಮಬ್ಬು ನಕಲಿನ ಮೇಲೆ ಕತ್ತರಿ ಆಡಿಸುತ್ತಿದ್ದಳು. ಕೊನೆಯಲ್ಲಿ ಸಾಫ್ಟ್‌ವೇರ್ ತಾನೇ ನಕಲು ತೆಗೆದು ಅಸಲು ಕೂರಿಸುತ್ತಿತ್ತು.

"ಅಸಲನ್ನ ನೋಡದೇ ಸಿನಿಮಾ ಮಾಡೋಳು ನೀನೊಬ್ಬಳೇ," ಎನ್ನುತ್ತಿದ್ದ ಅವನು. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರೂ ಗಮನಿಸಿರಲಿಲ್ಲ.

"ನಿನ್ನ ಕೈ ಮೇಲೆ ನಂಬಿಕೆ. ಅದಕ್ಕೇ ನೋಡಲ್ಲ."

ಅವಳು ಹೇಳಿದ್ದು ನಿಜ. ಅವನ ಕೈ ಅವಳಿಗೆ ಬಾಯಿಪಾಠವಾಗಿತ್ತು. ದೃಶ್ಯ ಮುಗಿಯುವ ಮುಂಚೆ ಅವನು ಬಿಡುವ ಸಣ್ಣ ಉಸಿರು ಕೂಡ ಧ್ವನಿಯಲ್ಲಿ ಸೇರಿರುತ್ತಿತ್ತು. ಅದನ್ನು ಕತ್ತರಿಸುವಾಗ ಪ್ರತಿಸಲವೂ... ಸ್ವಲ್ಪ ತಡೆಯುತ್ತಿದ್ದಳು.

ಆ ಕ್ಯಾಮೆರಾಕ್ಕೆ ಒಂದು ಜಾಣತನವಿತ್ತು. ಅದಕ್ಕೆ ಮುಖ ಕಲಿಸಬಹುದು. ಮದುವೆಯ ಬೆಳಿಗ್ಗೆ ಮದುಮಗಳ ಮುಖ ಕಲಿಸಿಬಿಟ್ಟರೆ, ಎಷ್ಟು ನೂಕುನುಗ್ಗಲಿದ್ದರೂ ಫೋಕಸ್ ಅವಳನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಮದುವೆ ಮುಗಿದ ಮೇಲೆ ಆ ಮುಖವನ್ನು ಅಳಿಸುವುದು ಅಡೊಮಾಕೊನ ಕೆಲಸ.

ಇಬ್ಬರೂ ಜೊತೆಯಾದ ಎಂಟನೆಯ ತಿಂಗಳಲ್ಲಿ ಪೊಕುವಾ ತನ್ನ ಸೋದರಮಾವ ಅಮಾಂಕ್ವಾನಿಗೆ ಸುದ್ದಿ ಮುಟ್ಟಿಸಿದಳು. ಹೆಸರು ಹೇಳಲಿಲ್ಲ, "ಒಬ್ಬರು ಬಾಗಿಲು ತಟ್ಟೋಕೆ ಬರ್ತಾರೆ" ಎಂದಳು ಅಷ್ಟೆ. ಹೆಣ್ಣು ಕೇಳುವ ಶಾಸ್ತ್ರ ಅದು: ಹುಡುಗನ ಕಡೆಯವರು ಮದ್ಯದ ಬಾಟಲಿಗಳನ್ನು ಹಿಡಿದು ಬಂದು ಬಾಗಿಲು ತಟ್ಟಬೇಕು. ಮಾವ ಹುಡುಗಿಯನ್ನು ಕರೆದು ಎಲ್ಲರೆದುರು ಮೂರು ಸಲ ಕೇಳಬೇಕು: ಈ ಮನುಷ್ಯನನ್ನ ನೀನು ಬಲ್ಲೆಯಾ? ಅವಳು ಹೂಂ ಎಂದರೆ ಬಾಟಲಿ ಒಳಗೆ ಹೋಗುತ್ತದೆ. ಇಡೀ ಕುಲಕ್ಕೆ ಹಿರಿಯನಾದ ಮಾವನ ಮಾತಿಲ್ಲದೆ ಆ ಮನೆಯಲ್ಲಿ ಬೆಕ್ಕು ಕೂಡ ಮರಿ ಹಾಕುತ್ತಿರಲಿಲ್ಲ.

"ಬರಲಿ," ಎಂದ ಮಾವ. ದಿನವೂ ಗೊತ್ತಾಯಿತು.

ಅಷ್ಟರಲ್ಲಿ ಅಜ್ಜಿ ತೀರಿಕೊಂಡಳು.

ಅಜ್ಜಿಯ ಕಾರ್ಯದ ದಿನ ಪೊಕುವಾ ಕೆಂಪು-ಕಪ್ಪು ಬಟ್ಟೆ ಉಟ್ಟು ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಕ್ಯಾಮೆರಾ ಹಿಡಿದು ಬಂದವನು ಅಡೊಮಾಕೊ ಒಬ್ಬನೇ.

ಹಿಂದಿನ ದಿನ ಜಗಳವಾಗಿತ್ತು.

"ಸಾವು ಅಂದ್ರೆ ಜನ ಕಣೇ. ಮೂವತ್ತೈದು ಹಾಕ್ತೀನಿ. ಎಲ್ಲರೂ ಸ್ಪಷ್ಟವಾಗಿ ಬರಲಿ."

"ನನ್ನಜ್ಜಿ ಕಾರ್ಯ ಇದು. ಊರಿನ ಎಲ್ಲರ ವಿಡಿಯೊ ಥರ ಇರಬಾರದು."

ಬ್ಯಾಗು ತುಂಬಿಸಿದವಳು ಅವಳೇ. ಮೂವತ್ತೈದನ್ನು ಮನೆಯ ಕಪಾಟಿನಲ್ಲೇ ಬಿಟ್ಟಳು, ಬೇಕೆಂತಲೇ.

ಸುಡುವ ಬಿಸಿಲು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅಡೊಮಾಕೊನಿಗೆ ತನ್ನ ಮೂಗಿನ ಪ್ರತಿಬಿಂಬ ಬಿಟ್ಟು ಬೇರೇನೂ ಕಾಣದಷ್ಟು ಬೆಳಕು. ಅಮಾಂಕ್ವಾ ಮಾವ ಬಟ್ಟೆಯನ್ನು ಭುಜದಿಂದ ಇಳಿಸಿ, ಪೂರ್ವಜರ ಹೆಸರುಗಳನ್ನು ಒಂದೊಂದಾಗಿ ಕರೆದು, ನೆಲಕ್ಕೆ ಮದ್ಯ ಎರೆದ. ಒಂದೇ ಸಲ ಆಗುವ ಕೆಲಸ ಅದು. ಮತ್ತೊಮ್ಮೆ ಮಾಡಿ ಎಂದು ಯಾರೂ ಕೇಳುವಂತಿಲ್ಲ.

ಮೆಮೊರಿ ಕಾರ್ಡುಗಳು, ಅವನು ತೆರೆದು ನೋಡುವ ಮುಂಚೆಯೇ, ಅಲ್ಲಿಂದಲೇ ಅವಳ ಕೈ ಸೇರಿದವು. ಮಬ್ಬು ನಕಲಿನಲ್ಲಿ ಎಲ್ಲವೂ ಎಂದಿನಷ್ಟೇ ಮಬ್ಬಾಗಿತ್ತು. ಮಾವನ ಮುಖ ದೊಡ್ಡದಾಗಿ ಕಾಣಲೆಂದು ಸುತ್ತಲಿನವರನ್ನೆಲ್ಲ ಚೌಕಟ್ಟಿನಿಂದ ಕತ್ತರಿಸಿ ಹೊರಹಾಕಿದಳು.

ಭಾನುವಾರ ಚರ್ಚು ಮುಗಿದ ಮೇಲೆ ಮಾವನ ಹಜಾರದಲ್ಲಿ ನೆಂಟರೆಲ್ಲ ಸೇರಿದರು. ಗೋಡೆಯಗಲದ ಹೊಸ ಟಿವಿ. ಅಡೊಮಾಕೊ ಬಾಗಿಲ ಬಳಿ ಕ್ಯಾಮೆರಾ ಹಿಡಿದು ನಿಂತಿದ್ದ.

ಮದ್ಯ ಎರೆಯುವ ದೃಶ್ಯ ಬಂತು.

ಮಾವನ ಮುಖ ಹಬೆ ಹಿಡಿದ ಕನ್ನಡಿಯೊಳಗಿನ ಮುಖದಂತಿತ್ತು. ಮುಂದಿನ ದೃಶ್ಯದಲ್ಲೂ ಹಾಗೇ. ಅದರ ಮುಂದಿನದರಲ್ಲೂ...

ಯಾರೋ ಕೆಮ್ಮಿದರು. ಮಾವ ರಿಮೋಟು ಒತ್ತಿ ನಿಲ್ಲಿಸಿದ.

"ನನ್ನ ಕನ್ನಡಕ ಸರಿ ಇದೆಯಾ?" ಎಂದ ಪಕ್ಕದವನಿಗೆ.

"ಸರಿ ಇದೆ ಒಪಾನಿನ್," ಎಂದ ಅವನು, ಹಿರಿಯನಿಗೆ ಸಲ್ಲುವ ಗೌರವದಲ್ಲಿ.

"ಹಾಗಾದ್ರೆ ತಲೆ ಸರಿ ಇಲ್ಲ. ಹೆಣ ಸ್ಪಷ್ಟ, ಬಾಟಲಿ ಸ್ಪಷ್ಟ. ಈ ಮನೆಯ ತಲೆ ಮಾತ್ರ ಅಳಿಸಿಹೋಗಿದೆ." ಅವನ ಹಿರಿತನವನ್ನು ಒಪ್ಪದ ದಾಯಾದಿಗಳು ಬೆಕ್ವಾಯಿಯಲ್ಲಿದ್ದರು. ಮಾವ ನಿಧಾನವಾಗಿ ಬಾಗಿಲ ಕಡೆ ತಿರುಗಿದ. "ತಮ್ಮಾ, ನಿನ್ನ ಊರು ಯಾವುದು?"

"ಬೆಕ್ವಾಯಿ."

ಹಜಾರ ಗುಜುಗುಜು ಎಂದಿತು. ಅಡೊಮಾಕೊ ಟಿವಿಯನ್ನೇ ನೋಡುತ್ತಿದ್ದ. ಏನೋ ಅರ್ಥವಾದವನಂತೆ ಅವನ ಬಾಯಿ ತೆರೆಯಿತು. ಮತ್ತೆ ಮುಚ್ಚಿತು.

*ಏನಾದರೂ ಹೇಳು... ಯಾಕೆ ನಿಂತಿದ್ದೀಯ ಕಂಬದ ಹಾಗೆ? ಇಷ್ಟು ಮುಖ್ಯವಾದ ದಿನ, ಇಷ್ಟು ಬೇಜವಾಬ್ದಾರಿ...* ಪೊಕುವಾಳ ಕಿವಿ ಸುಡುತ್ತಿತ್ತು.

"ಪೊಕುವಾ," ಮಾವ ಕರೆದ. "ಈ ಮನುಷ್ಯನನ್ನ ನೀನು ಬಲ್ಲೆಯಾ?"

ಅದೇ ಪ್ರಶ್ನೆ. ಮುಂದಿನ ಶನಿವಾರ ಬಾಟಲಿಗಳ ಮುಂದೆ ಕೇಳಬೇಕಾಗಿದ್ದ ಪ್ರಶ್ನೆ, ಆರು ದಿನ ಮುಂಚಿತವಾಗಿ, ತಪ್ಪು ಕಾರಣಕ್ಕೆ ಬಂದಿತ್ತು.

ಹೆದರಿಕೆಯೋ, ಸಿಟ್ಟೋ. ಎರಡೂ ಸೇರಿದರೆ ನಾಲಿಗೆ ಬಹಳ ಬೇಗ ಹೊರಳುತ್ತದೆ.

"ಇಲ್ಲ ಮಾವ. ಕೆಲಸಕ್ಕೆ ಅಂತ ಬಂದವರು."

ಮಾವ ಎರಡನೆಯ ಸಲ ಕೇಳಲಿಲ್ಲ. ಬೇಕಾಗಿರಲಿಲ್ಲ.

ಅಡೊಮಾಕೊ ಕ್ಯಾಮೆರಾವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. "ಲೆನ್ಸು ಒರೆಸಿಟ್ಟಿದ್ದೀನಿ," ಎಂದ, ಯಾರಿಗೆಂದಿಲ್ಲದೆ. ಹೊರಟುಹೋದ. ಶನಿವಾರ ಯಾರೂ ಬಾಗಿಲು ತಟ್ಟಲಿಲ್ಲ.

ಅವನು ಫೋನು ಮಾಡಲಿ ಎಂದು ಅವಳು ಕಾದಳು. ಅವಳು ಮಾಡಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಮಾಡಬಹುದಿತ್ತು.

ಎರಡು ವರ್ಷ ಕಳೆಯಿತು. ಅಮಾಂಕ್ವಾ ಮಾವ ನಿದ್ದೆಯಲ್ಲೇ ಹೋದ. ಕೊನೆಯವರೆಗೂ, ಮನೆಗೆ ಬಂದವರಿಗೆಲ್ಲ ಬೆಕ್ವಾಯಿಯವರು ತನ್ನ ತಲೆ ಅಳಿಸಿದ ಕಥೆ ಹೇಳುತ್ತಿದ್ದ.

"ಅವನು ಮಾತಾಡ್ತಿರೋ ವಿಡಿಯೊ ಒಂದಾದರೂ ಹುಡುಕು," ಎಂದಳು ಬಿರಾಗೊ ದೊಡ್ಡಮ್ಮ. "ಕಾರ್ಯದ ದಿನ ಜನಕ್ಕೆ ತೋರಿಸಬೇಕು."

ಪೊಕುವಾಳ ಬಳಿ ಈಗ ಗಟ್ಟಿಯಾದ ಕಂಪ್ಯೂಟರ್ ಇತ್ತು. ನಕಲು ಬೇಕಿರಲಿಲ್ಲ. ಅಜ್ಜಿಯ ಕಾರ್ಯದ ದಿನದ ಅಸಲು ಫೈಲನ್ನು ಮೊದಲ ಬಾರಿಗೆ, ಏನನ್ನೂ ಕತ್ತರಿಸದೆ, ದೊಡ್ಡ ಪರದೆಯಲ್ಲಿ ತೆರೆದಳು.

ಮಾವ ಮಸುಕಾಗಿದ್ದ. ಅವನ ಹಿಂದೆ, ಎಡಗಡೆ, ಹೆಂಗಸರ ಸಾಲಿನಲ್ಲಿ ಒಂದು ಮುಖ ಮಾತ್ರ ಕೆತ್ತಿದ ಹಾಗಿತ್ತು. ರೆಪ್ಪೆಯ ಕೂದಲು ಎಣಿಸಬಹುದಿತ್ತು. ಕೆನ್ನೆಯ ಮೇಲೆ ಒಣಗಿದ ಕಣ್ಣೀರಿನ ಉಪ್ಪು ಕಾಣುತ್ತಿತ್ತು.

ಅವಳದೇ ಮುಖ.

ಮುಂದಿನ ದೃಶ್ಯ. ಅವಳೇ. ಅದರ ಮುಂದಿನದು. ಅವಳೇ... ಮಾವ ಎಷ್ಟೇ ಹತ್ತಿರವಿದ್ದರೂ, ಕ್ಯಾಮೆರಾ ಅವನನ್ನು ದಾಟಿ ಅವಳನ್ನೇ ಹುಡುಕಿಕೊಂಡು ಹೋಗಿತ್ತು.

ಅವಳು ಎದ್ದು ಕ್ಯಾಮೆರಾ ತಂದಳು. ಅಂದಿನಿಂದ ಯಾವ ಮದುವೆಗೂ ಅದನ್ನು ಒಯ್ದಿರಲಿಲ್ಲ. ಬ್ಯಾಟರಿ ಹಾಕಿ, ಕಲಿಸಿದ ಮುಖಗಳ ಪಟ್ಟಿ ತೆರೆದಳು.

ಒಂದೇ ಮುಖವಿತ್ತು. ಬಾಯಿ ತುಂಬ ವಾಚೆ ಅನ್ನ ತುಂಬಿಕೊಂಡು, ಕೆನ್ನೆ ಉಬ್ಬಿಸಿ, ಯಾರನ್ನೋ ಬೈಯುತ್ತಿರುವ ಪೊಕುವಾ.

ಎಲ್ಲ ಮದುವಣಗಿತ್ತಿಯರ ಮುಖಗಳನ್ನೂ ತಪ್ಪದೆ ಅಳಿಸಿದವನು, ಒಂದನ್ನು ಮಾತ್ರ ಅಳಿಸಿರಲಿಲ್ಲ.

ಕುಲದ ಸಭೆಯಲ್ಲಿ ಅವಳು ಎದ್ದು ನಿಂತಳು. ದೊಡ್ಡಮ್ಮ ಸೆರಗು ಎಳೆದರೂ ಕೂರಲಿಲ್ಲ.

"ಮಾವ ಕೇಳಿದಾಗ ನಾನು ಸುಳ್ಳು ಹೇಳಿದೆ. ಆ ಮನುಷ್ಯ ನನಗೆ ಗೊತ್ತು. ಬಾಗಿಲು ತಟ್ಟೋಕೆ ಬರಬೇಕಾಗಿದ್ದವನು ಅವನೇ. ಮಾವನ ಮುಖ ಮಸುಕಾಗಿದ್ದು ನನ್ನಿಂದ."

ಅರ್ಥ ಮಾಡಿಸಲು ಅರ್ಧ ಗಂಟೆ ಬೇಕಾಯಿತು. ಅರ್ಥವಾದ ಮೇಲೆ ಪರಿಸ್ಥಿತಿ ಇನ್ನೂ ಕೆಟ್ಟಿತು.

"ಅಂದ್ರೆ, ಅಜ್ಜಿ ಹೆಣದ ಮುಂದೆ ಅವನು ನಿನ್ನ ನೋಡ್ತಿದ್ದ," ಎಂದ ಒಬ್ಬ ಹಿರಿಯ.

"ಕ್ಯಾಮೆರಾ ನೋಡ್ತಿತ್ತು."

"ಕ್ಯಾಮೆರಾಗೆ ಕಲಿಸಿದ್ದು ಯಾರು, ಪಾದ್ರಿನಾ?"

ಯಾರೋ ನಕ್ಕರು. ಹಿರಿಯ ನಗಲಿಲ್ಲ. "ಮಾವನಿಗೆ ಸುಳ್ಳು ಹೇಳಿದರೆ ತಪ್ಪು ಕಾಣಿಕೆ ಕೊಟ್ಟು ಸಮಾಧಾನ ಮಾಡಬಹುದು. ಆದರೆ ಅದನ್ನ ಕೈಯೊಡ್ಡಿ ತಗೋಬೇಕಾದವನು ಅಲ್ಲಿ ಪೆಟ್ಟಿಗೇಲಿ ಮಲಗಿದ್ದಾನೆ. ಅವನು ಮುಚ್ಚಿದ ಬಾಗಿಲನ್ನ ನಾವು ಹೇಗೆ ತೆಗೆಯೋಣ ಮಗಳೇ?"

ಅಲ್ಲಿಗೆ ಆ ಮಾತು ಮುಗಿಯಿತು.

ಟೆಚಿಮಾನ್ ಎಂಬ ಊರಿನ ಮಾರುಕಟ್ಟೆಯ ಹಿಂದೆ, ಗೆಣಸಿನ ರಾಶಿಗಳ ಎದುರು, ಒಂದು ಕೋಣೆಯ ಸ್ಟುಡಿಯೊ. ಹುಡುಕಿಕೊಂಡು ಬಂದ ಪೊಕುವಾ ಒಳಗೆ ಕಾಲಿಟ್ಟಾಗ ಅಡೊಮಾಕೊ ತಲೆಯೆತ್ತಿದ.

"ಬನ್ನಿ ಮೇಡಂ. ಪಾಸ್‌ಪೋರ್ಟ್ ಫೋಟೋನಾ?"

'ಬನ್ನಿ' ಎಂದಿದ್ದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ಮಾವ ಹೋದರು."

"ಸಾವಿನ ಪೋಸ್ಟರ್ ಇಲ್ಲಿವರೆಗೂ ಅಂಟಿಸಿದ್ದಾರೆ. ಫೋಟೋ ಚೆನ್ನಾಗಿದೆ. ಮುಖ ಸ್ಪಷ್ಟವಾಗಿದೆ."

ಅವಳು ನುಂಗಿಕೊಂಡಳು. "ಅಸಲು ಫೈಲು ನೋಡಿದೆ. ಕ್ಯಾಮೆರಾದೊಳಗಿನ ಮುಖವನ್ನೂ ನೋಡಿದೆ."

ಅವನು ಬಹಳ ಹೊತ್ತು ಲೆನ್ಸು ಒರೆಸಿದ. ಅದು ಆಗಲೇ ಸ್ವಚ್ಛವಾಗಿತ್ತು.

"ಯಾಕೆ ಹೇಳಲಿಲ್ಲ ನೀನು?"

"ಟಿವಿಲಿ ನೋಡಿದಾಗಲೇ ನನಗೂ ಗೊತ್ತಾಗಿದ್ದು. ಏನಂತ ಹೇಳಲಿ? ಅಷ್ಟು ಜನರ ಮುಂದೆ? ನನ್ನನ್ನ ಬೈದು ಕಳಿಸ್ತಿದ್ದರು, ಅಷ್ಟೆ. ನಿಮ್ಮನ್ನ ಮಾತ್ರ ಜನ್ಮಪೂರ್ತಿ ಆಡಿಕೊಳ್ತಿದ್ದರು."

"ಆಮೇಲೆ ನನಗೊಬ್ಬಳಿಗಾದರೂ..."

"ಆಮೇಲೆ ನೀವು ಗೊತ್ತಿಲ್ಲ ಅಂದ್ರಿ. ಗೊತ್ತಿಲ್ಲದವರ ಮನೆಗೆ ಫೋನ್ ಮಾಡೋದು ಹೇಗೆ?"

ಹೊರಗೆ ಯಾರೋ ಗೆಣಸಿನ ಬೆಲೆಗೆ ಜಗಳವಾಡುತ್ತಿದ್ದರು. ಪೊಕುವಾ ಅದನ್ನೇ ಕೇಳುತ್ತ ನಿಂತಳು.

"ಮೂವತ್ತೈದು ಇದ್ದಿದ್ದರೆ ಎಲ್ಲರೂ ಸ್ಪಷ್ಟವಾಗಿ ಬರ್ತಿದ್ದರು. ಬೇಕೆಂತಲೇ ಮನೇಲಿ ಬಿಟ್ಟಿದ್ದೆ."

"ಬ್ಯಾಗು ತೆರೆದಾಗಲೇ ಗೊತ್ತಾಯ್ತು."

"ಅದನ್ನೂ ಹೇಳಲಿಲ್ಲ ನೀನು."

"ಇಲ್ಲ." ಮೊದಲ ಬಾರಿ ಅವನ ದನಿ ಒಡೆಯಿತು. "ಸುಮ್ಮನಿದ್ದರೆ ದೊಡ್ಡ ಮನುಷ್ಯ ಆಗ್ತೀನಿ ಅಂದ್ಕೊಂಡಿದ್ದೆ. ಎರಡು ವರ್ಷ ಆಯ್ತು. ಸುಮ್ಮನಿದ್ದೀನಿ, ಅಷ್ಟೇ ಆಗಿದ್ದು."

ಅವಳು ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಪಾದ್ರಿಯ ಮಾತಿಗೆ ಅವನ ತುಟಿ ಒಂದಿಷ್ಟು ಅಲುಗಿತು. ಪೆಟ್ಟಿಗೆಯ ಮಾತಿಗೆ ನಿಂತಿತು.

"ನೀನು ಬಾಟಲಿ ತಂದರೂ ಇಸ್ಕೊಳ್ಳೋರಿಲ್ಲ," ಎಂದಳು. "ನನ್ನ ಕಡೆಯಿಂದ ಒಬ್ಬರೂ ಬರಲ್ಲ. ಇದನ್ನ ಸರಿಮಾಡೋಕೆ ಆಗಲ್ಲ ಅಡೊಮಾಕೊ. ಹೇಳಬೇಕಿತ್ತು, ಹೇಳಿದೆ. ಹೋಗ್ತೀನಿ."

ಅವಳು ಬ್ಯಾಗು ಹೆಗಲಿಗೇರಿಸಿದಳು. ಬಾಗಿಲವರೆಗೆ ಹೋದಳು. ಕಣ್ಣು ತುಂಬಿದ್ದರಿಂದ ಎದುರಿನ ಮಾರುಕಟ್ಟೆಯೆಲ್ಲ ಕಲಸಿಹೋಗಿತ್ತು.

"ಕುಮಾಸಿಗೆ ಕೊನೆ ಗಾಡಿ ಎಷ್ಟು ಹೊತ್ತಿಗೆ?" ತಿರುಗದೆಯೇ ಕೇಳಿದಳು.

"ಹೋಯ್ತು."

"ಈಗಿನ್ನೂ ಮೂರು ಗಂಟೆ."

"ಈ ಊರಲ್ಲಿ ಬೇಗ ಹೋಗಿಬಿಡುತ್ತೆ."

ಅವಳು ನಿಂತೇ ಇದ್ದಳು. "ನಾಳೆಯದು?"

ಕುರ್ಚಿ ಸರಿದ ಸದ್ದಾಯಿತು. ಅವನ ಕೈ ಮೆಲ್ಲಗೆ ಅವಳ ಹೆಗಲಿನ ಬ್ಯಾಗನ್ನು ಇಳಿಸಿಕೊಂಡಿತು.

"ಅದೂ ಹೋಯ್ತು ಕಣೇ. ನೀನು ಕೂತ್ಕೋ."