ರಾಣಿ ಕೈಯೆತ್ತಿ ಕೂಗಿದ್ದು

ಪರದೆಯ ಮೇಲೆ ಕಿರೀಟ ತೊಟ್ಟ ರಾಜನೊಬ್ಬ ಎದೆಯುಬ್ಬಿಸಿ, ಕತ್ತಿ ಝಳಪಿಸಿ, ಶತ್ರುವಿನತ್ತ ಬೆರಳು ಚಾಚಿ ಗರ್ಜಿಸಿದ. ಸುಮಾರು ನೂರು ವರ್ಷದಿಂದ ಆ ಗರ್ಜನೆಯನ್ನು ಯಾರೂ ಕೇಳಿರಲಿಲ್ಲ. ‘ಮೌನಶ್ರಾವಕ’ ಯಂತ್ರದ ಹಸಿರು ದೀಪ ಮಿನುಗಿತು. ಮೂಲೆಯಲ್ಲಿದ್ದ ಧ್ವನಿಪೆಟ್ಟಿಗೆಯಿಂದ ಒಂದು ಗಂಡುದನಿ ಹೊರಟಿತು.

“ಕಿರೀಟ ಒತ್ತುತ್ತಾ ಇದೆ ಕಣಯ್ಯ, ಹಣೆ ಕಿತ್ತುಹೋಯ್ತು! ಊಟಕ್ಕೆ ಇವತ್ತೂ ಅದೇ ಹುರುಳಿ ಸಾರೇನು?”

ಯಂತ್ರ ನಡೆಸುತ್ತಿದ್ದ ಡಾ. ಪಶುಪತಿ ಗಟ್ಟಿಯಾಗಿ ನಕ್ಕರು. “ನೋಡಿದಿರಾ ಅಮ್ಮ, ಮಹಾರಾಜರ ವೀರಾವೇಶ! ಮೂಕಿ ಚಿತ್ರ ಅಲ್ವೇ, ಬಾಯಿ ಆಡಿದ್ರೆ ಸಾಕಿತ್ತು. ಏನು ಅಂದ್ರೂ ನಡೀತಿತ್ತು.”

ಪಕ್ಕದಲ್ಲಿ ಕುಳಿತಿದ್ದ ತ್ರಿಪುರಾಂಬ ನಗಲಿಲ್ಲ. ತೊಂಬತ್ತರ ಹತ್ತಿರದ ಆ ಮುದುಕಿಯ ಬೆರಳು ಸೆರಗಿನ ಮರೆಯಲ್ಲಿ ಜಪಸರದ ಒಂದೇ ಮಣಿಯ ಮೇಲೆ ನಿಂತುಬಿಟ್ಟಿತ್ತು. ರಾಜ ಹೀಗೆ ಮಾತಾಡಿದ್ದಾನೆ. ಹಾಗಾದರೆ ರಾಣಿ ಏನು ಮಾತಾಡಿರಬಹುದು? ಆ ರಾಣಿ ಆಕೆಯ ಹೆತ್ತ ತಾಯಿ.

ಮನೆಯಲ್ಲಿ ಪುಟ್ಟತಾಯಮ್ಮ, ಪರದೆಯ ಮೇಲೆ ಮಿಸ್ ಕುಮುದಾ. ಕಂಪನಿ ನಾಟಕದಲ್ಲಿ ಸಖಿಯಾಗಿ ಆರತಿ ಹಿಡಿಯುತ್ತಿದ್ದ ಹುಡುಗಿಯನ್ನು ಮೂಕಿ ಚಿತ್ರದವರು ಕರೆದೊಯ್ದರು. ಅವಳು ಕುದುರೆ ಓಡಿಸಿದಳು, ಹೊಳೆಗೆ ಹಾರಿದಳು, ದೇವಿಯಾಗಿ ಸಿಂಹದ ಪಕ್ಕ ನಿಂತಳು. ಊರೂರಿನ ಟೆಂಟುಗಳಲ್ಲಿ ಜನ ಅವಳಿಗೆ ಕಾಸು ಎಸೆದು ಕೈಮುಗಿದರು. ಅವಳ ಚಿತ್ರಗಳೆಲ್ಲ ಸುಟ್ಟೋ ಕರಗಿಯೋ ಹೋಗಿ, ‘ವನವಾಸದ ರಾಣಿ’ಯ ಒಂದು ಸುರುಳಿ ಮಾತ್ರ ಹಳೆಯ ಚಿತ್ರಗಳನ್ನು ಕಾಪಿಡುವ ಈ ಚಿತ್ರಾಗಾರದಲ್ಲಿ ಉಳಿದಿತ್ತು. ಅದರಲ್ಲಿ ಸತ್ತ ರಾಜಕುಮಾರನನ್ನು ತೊಡೆಯ ಮೇಲಿಟ್ಟುಕೊಂಡ ರಾಣಿ ಎರಡೂ ಕೈಯೆತ್ತಿ ಮುಗಿಲಿಗೆ ಮೊರೆಯಿಡುತ್ತಾಳೆ. ಬಲ್ಲವರು ಅದನ್ನು ಅಭಿನಯದ ಶಿಖರವೆಂದು ಬರೆದಿದ್ದರು. ಮುಂದಿನ ವಾರ ಆ ದೃಶ್ಯವನ್ನು ದನಿ ಸಮೇತ ಸಾರ್ವಜನಿಕರಿಗೆ ತೋರಿಸಬೇಕೆಂದಿತ್ತು. ಅದಕ್ಕೆ ಮಗಳ ಒಪ್ಪಿಗೆ ಬೇಕಾಗಿತ್ತು.

“ಇಲ್ಲದ ದನೀನ ಎಲ್ಲಿಂದ ತರ್ತೀಯಪ್ಪ ಪಶುಪತಿ?”

“ಮಾತಾಡುವಾಗ ತುಟಿ ಮಾತ್ರ ಆಡೋದಿಲ್ಲ ಅಮ್ಮ. ಗಂಟಲಿನ ಚರ್ಮ, ದವಡೆ, ಕೆನ್ನೆ ಎಲ್ಲ ಕೂದಲೆಳೆಯಷ್ಟು ಅದುರುತ್ತೆ. ಅದನ್ನ ನಾವು ಕಂಠರೇಖೆ ಅಂತೀವಿ. ನಮ್ಮ ಕಣ್ಣಿಗೆ ಕಾಣದ ಆ ಅದುರನ್ನ ಯಂತ್ರ ಚಿತ್ರದಲ್ಲಿ ಹುಡುಕಿ ಮಾತಾಗಿ ಜೋಡಿಸುತ್ತೆ. ಮಾತು ಅವರದೇ. ದನಿಯ ಬಣ್ಣ ಮಾತ್ರ ಚಿತ್ರದಲ್ಲಿ ಸಿಗೋದಿಲ್ಲ. ಅದನ್ನ ಹತ್ತಿರದ ರಕ್ತಸಂಬಂಧಿಯಿಂದ ತಗೋತೀವಿ. ನಿನ್ನೆ ನಿಮ್ಮ ಹತ್ತಿರ ಪದ ಓದಿಸಿಕೊಂಡೆನಲ್ಲ, ಅದಕ್ಕೇ.”

“ಅಂದ್ರೆ ನನ್ನಮ್ಮ ನನ್ನ ದನೀಲಿ ಮಾತಾಡ್ತಾಳೆ.”

“ಹೂಂ. ಒಂದು ವೇಳೆ ಬೇಡ ಅನ್ನಿಸಿದ್ರೆ...”

ಬೇಡವೆಂದೇ ಹೇಳಿಬಿಡೋಣವೆಂದು ಮೂರು ದಿನದಿಂದ ಆಕೆ ದೇವರ ಮುಂದೆ ಕುಳಿತು ಏಳುತ್ತಿದ್ದಳು. ಇಂದು ಬೆಳಿಗ್ಗೆ ಚಾಮುಂಡಿಯ ಪಟದ ಬಲಗಡೆಯಿಂದ ಹೂವು ಬಿದ್ದಿತ್ತು. ಬಂದದ್ದು ಅದೊಂದೇ ಧೈರ್ಯದಿಂದ.

“ಹೇಳಿಬಿಡ್ತೀನಿ ಕೇಳು ಮಗು. ಆ ತೊಡೆ ಮೇಲಿರೋ ಹುಡುಗ ಪಾತ್ರಧಾರಿ ಅಷ್ಟೇ ಅಲ್ಲ. ನಮ್ಮಣ್ಣ, ಶಂಭು. ನಾನು ಹುಟ್ಟೋಕೆ ಎಷ್ಟೋ ಮೊದಲೇ ಹೋದ. ಆ ಚಿತ್ರ ತೆಗೆದ ವಾರದಲ್ಲೇ ಜ್ವರ ನೆತ್ತಿಗೇರಿ ಹೋದ. ನಮ್ಮ ಸೋದರತ್ತೆ ಸಾಯೋವರೆಗೂ ಅಂತಿದ್ಲು, ‘ಜ್ವರದ ಮಗೂನ ಉರಿಬಿಸಿಲಲ್ಲಿ ಮಲಗಿಸಿ ಹೆಸರು ಮಾಡ್ಕೊಂಡ್ಲು’ ಅಂತ. ಅಮ್ಮ ಒಂದು ದಿನವೂ ತಿರುಗಿ ಮಾತಾಡಲಿಲ್ಲ. ಅವನ ಹೆಸರೂ ಎತ್ತಲಿಲ್ಲ. ಮಾತಿನ ಸಿನಿಮಾ ಬಂದಾಗ ದೊಡ್ಡ ಕಂಪನಿಯವರು ಮೋಟಾರಲ್ಲಿ ಬಂದ್ರಂತೆ. ‘ನನ್ನ ಮಾತು ನಿಮಗ್ಯಾಕೆ?’ ಅಂದು ಬಾಗಿಲು ಹಾಕ್ಕೊಂಡಳಂತೆ. ಚಿತ್ರ ತೆಗೆಯೋವಾಗ ಮಗು ಅಳ್ತಾ ಇದ್ದು, ಅಮ್ಮ ‘ಸುಮ್ನಿರು’ ಅಂತ ಗದರಿದ್ದರೆ? ಅದು ನನ್ನ ದನೀಲೇ ಬಂದ್ರೆ? ಇಷ್ಟು ವರ್ಷ ಅವಳ ಹೆಸರಲ್ಲಿ ದೀಪ ಹಚ್ಚಿದೀನಪ್ಪ.”

ಪಶುಪತಿಯ ಮುಖದ ಉತ್ಸಾಹ ಇಳಿಯಿತು. “ಹಾಗಾದ್ರೆ ಬೇಡ ಅಮ್ಮ. ಯಂತ್ರ ಎಲ್ಲಿಗೂ ಓಡಿಹೋಗೋದಿಲ್ಲ.”

“ನಾನು ಹೋಗ್ತೀನಲ್ಲ. ಹಾಕು.”

ಪರದೆ ಬೆಳಗಿತು. ಬಯಲಿನ ಬಿಸಿಲು ಕಣ್ಣು ಕುಕ್ಕುವಂತಿತ್ತು. ಆ ಕಾಲದಲ್ಲಿ ಚಿತ್ರ ತೆಗೆಯಲು ಸೂರ್ಯನೇ ದೀಪ. ಅದು ಸಾಲದೆ ತಗಡಿನ ಹಲಗೆಗಳಿಂದ ಬೆಳಕನ್ನು ಮುಖಕ್ಕೆ ತಿರುಗಿಸುತ್ತಿದ್ದರು. ರಾಣಿ ನೆಲದ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ಕಣ್ಣು ಮುಚ್ಚಿದ ಹುಡುಗ. ಅವಳ ತುಟಿ ಆಡಿತು. ತ್ರಿಪುರಾಂಬಳ ದನಿ, ಆದರೆ ತ್ರಿಪುರಾಂಬಳದಲ್ಲದ ಮಾತು, ಕೋಣೆಯಲ್ಲಿ ಕೇಳಿಸಿತು.

“ಕಣ್ಣು ಬಿಡಬೇಡ ಚಿನ್ನ. ಇರುವೆ ಬಂದ್ರೆ ನಾನು ಓಡಿಸ್ತೀನಿ. ನಗಬಾರದು, ನೀನು ಸತ್ತಿದೀಯ. ಆಮೇಲೆ ಬತ್ತಾಸು ತಿನ್ನೋಣ.”

ಮುದುಕಿಯ ಎದೆ ಸ್ವಲ್ಪ ಹಗುರಾಯಿತು. ರಾಣಿ ಮಗನ ಕೆನ್ನೆ ಸವರಿದಳು. ಬಲ್ಲವರೆಲ್ಲ ಕೊಂಡಾಡಿದ ಸವರಿಕೆ ಅದು. ಕೈ ಅಲ್ಲೇ ನಿಂತಿತು. ನಂತರ ಹಣೆಗೆ ಹೋಯಿತು, ಕುತ್ತಿಗೆಗೆ ಹೋಯಿತು.

“ಯಾಕೋ ಹೀಗೆ ಸುಡ್ತಾ ಇದೀಯ? ಬೆಳಿಗ್ಗೆ ಚೆನ್ನಾಗೇ ಇದ್ಯಲ್ಲೋ. ಶಂಭು... ಸಾಕು, ಕಣ್ಣು ಬಿಡು. ಶಂಭು, ಕಣ್ಣು ಬಿಡೋ!”

ರಾಣಿ ತಲೆಯೆತ್ತಿದಳು. ನೋಟ ಮುಗಿಲಿಗಲ್ಲ, ಕ್ಯಾಮೆರಾದ ಪಕ್ಕದಲ್ಲಿ ಎತ್ತರದ ಮಂಚಿಕೆಯ ಮೇಲೆ ನಿಂತಿದ್ದ ಯಾರ ಕಡೆಗೋ ಇತ್ತು. ಎರಡೂ ಕೈ ಮೇಲೆದ್ದವು.

“ನಿಲ್ಲಿಸಿ! ಸ್ವಾಮಿ, ನಿಲ್ಲಿಸಿ! ಇದು ಆಟ ಅಲ್ಲ, ಮಗು ಮೈ ಸುಡ್ತಾ ಇದೆ. ನಿಮ್ಮ ಕಾಲಿಗೆ ಬೀಳ್ತೀನಿ, ನಿಲ್ಲಿಸಿ!”

ಪಶುಪತಿಯ ಕೈ ತಾನಾಗಿ ಗುಂಡಿಗೆ ಹೋಯಿತು. ಚಿತ್ರ ನಿಂತಿತು. ಎತ್ತಿದ ಕೈಗಳು ಹಾಗೇ ನಿಂತವು. ಅವರು ಗಾಬರಿಯಿಂದ ತಿರುಗಿ ನೋಡಿದರು.

“ಅಮ್ಮ, ನೀವಾ ಕೂಗಿದ್ದು?”

“ನಾನಲ್ಲಪ್ಪ.” ತ್ರಿಪುರಾಂಬ ಪರದೆಯತ್ತ ಬೆರಳು ತೋರಿಸಿದಳು. “ಅವಳು.”

ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು.

“ಕ್ಯಾಮೆರಾದ ಹಿಡಿ ತಿರುಗಿಸ್ತಾ ಇದ್ದೋರಿಗೆ ಇದು ಕೇಳಿಸಿತ್ತು, ಅಲ್ವೇ?”

ಪಶುಪತಿ ನೆಲ ನೋಡಿದರು. “ಕೇಳಿಸಿರುತ್ತೆ ಅಮ್ಮ. ಮೂಕಿ ಚಿತ್ರದಲ್ಲಿ ಮಾತು ಬರೋದಿಲ್ಲ, ಅಭಿನಯ ಬರುತ್ತೆ. ಚೆನ್ನಾಗಿ ಬರ್ತಾ ಇದೆ ಅಂತ ತಿರುಗಿಸ್ತಾನೇ ಇದ್ರು, ಅಷ್ಟೇ.”

ಆಕೆ ಎದ್ದಳು. ಕುರ್ಚಿ, ಮೇಜು ಹಿಡಿದು ಹಿಡಿದು ಪರದೆಯ ಬಳಿಗೆ ಹೋಗಿ, ಎಂದೂ ಕಾಣದ ಅಣ್ಣನ ಹಣೆಯ ಮೇಲೆ ಅಂಗೈ ಇಟ್ಟಳು. ಪರದೆಯ ಬಟ್ಟೆ ತಣ್ಣಗಿತ್ತು.

“ಅವಳನ್ನ ಏನೂ ಕೇಳದೇನೇ ಅನುಮಾನಪಟ್ಟೆ ಮಗು. ದೀಪ ಹಚ್ಚುವಾಗಲೂ ಅನುಮಾನಪಟ್ಟೆ.”

ಪಶುಪತಿ ಕೆಲಸದ ಮಾತನ್ನೇ ಆಡಿದರು. “ಮುಂದೆ ಇನ್ನೂ ಸ್ವಲ್ಪ ಇದೆ ಅಮ್ಮ. ಬಿಡಲಾ?”

“ಬೇಡಪ್ಪ, ಇಷ್ಟು ಬೇಗ ಬೇಡ. ಈಗತಾನೇ ಯಾರೋ ನಿಲ್ಲಿಸಿದ್ದಾರೆ. ಅವಳು ಅವನನ್ನ ಎತ್ಕೊಂಡು ನೆರಳಿಗೆ ಹೋಗಲಿ.”

ಪಶುಪತಿ ಪರದೆಯ ಬೆಳಕಿನ ತಿರುಪನ್ನು ಹಿಡಿದು, ಮಗುವಿನ ಮುಖದ ಮೇಲಿದ್ದ ಬಿಸಿಲನ್ನು ಮೆಲ್ಲಮೆಲ್ಲಗೆ ಇಳಿಸತೊಡಗಿದರು.